ಮನೋರೋಗ ವಾರ್ಡಿನ ಕೆಲಸ ಬಿಡಲೋ, ಇರಲೋ? ಅನುಭವ ಇದ್ದವರು ಹೇಳಿ

ಹಡಪ್ಸರ್, ಪುಣೆ: 6 ವರ್ಷದಿಂದ ಮನೋರೋಗ ವಾರ್ಡಿನಲ್ಲಿ ನರ್ಸ್. ಈಚೆಗೆ ರೋಗಿ ಎದುರಿಗೆ ಕೂತು ಅತ್ತರೂ ನನಗೆ ಏನೂ ಅನ್ನಿಸುವುದಿಲ್ಲ. ಅದೇ ಭಯ. ಆಸ್ಪತ್ರೆ ಬದಲಾಯಿಸಲೋ, ಈ ಕೆಲಸವೇ ಬೇಡವೋ?

ಡೊಂಬಿವಲಿ ಅಕ್ಕ: ನಾನು 11 ವರ್ಷ ಮಾಡಿ ಬಿಟ್ಟೆ. ರಾತ್ರಿ ಪಾಳಿಯಲ್ಲಿ 42 ಜನರಿಗೆ ನಾನು ಮತ್ತೆ ಒಬ್ಬ ಆಯಾ. ಯಾರಾದರೂ ರೊಚ್ಚಿಗೆದ್ದರೆ ಸುಮ್ನೆ ಕಟ್ಟಿಹಾಕುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಮನೋವೈದ್ಯರ ಒಪ್ಪಿಗೆ ಬೇಕು, ಬರೆದಿಡಬೇಕು. ಕಾಯ್ದೆ ಸರಿಯಾಗೇ ಇದೆ. ಆದರೆ ಡಾಕ್ಟರು ಫೋನ್ ಎತ್ತುವ ತನಕ ಹಿಡಿದುಕೊಳ್ಳುವವರು ಯಾರು? ನನ್ನ ಎಡಗೈ ಮಣಿಕಟ್ಟು ಮುರಿದದ್ದು ಹಾಗೆ. ಪ್ಲೇಟ್ ಹಾಕಿಸಲು 86,000 ಆಯಿತು, ಆಸ್ಪತ್ರೆ ಕೊಟ್ಟಿದ್ದು 15,000. ಬಿಡುವಾಗ ನೋಟಿಸಿನ ಲೆಕ್ಕದಲ್ಲಿ ಎರಡು ತಿಂಗಳ ಸಂಬಳ ಹಿಡಿದರು. ಗ್ರಾಚ್ಯುಟಿಗೆ, ಅಂದರೆ ವರ್ಷಗಟ್ಟಲೆ ದುಡಿದು ಬಿಟ್ಟಾಗ ಸಿಗಬೇಕಾದ ಇಡಿಗಂಟಿಗೆ, ಏಳು ಸಲ ಅಲೆದೆ, 14 ತಿಂಗಳು ಸತಾಯಿಸಿದರು. ಈಗ ಡಯಾಲಿಸಿಸ್ ಸೆಂಟರಿನಲ್ಲಿದ್ದೇನೆ. ಸಂಬಳ 9,000 ಕಮ್ಮಿ. ನಿದ್ದೆ ಬರುತ್ತದೆ.

ವಾಸ್ಕೋ ಕೌನ್ಸೆಲರ್: ಎಲ್ಲರೂ ಹಾಗೆ ಬಿಟ್ಟು ಹೋಗಲಾಗುವುದಿಲ್ಲ ಅಕ್ಕಾ. ಇಲ್ಲಿ ಗೋವಾದ ನಮ್ಮ ಆಸ್ಪತ್ರೆಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಬೈನಾ, ಝುವಾರಿನಗರದಿಂದ ವಿಜಯಪುರ, ಬಾಗಲಕೋಟೆ ಕಡೆಯವರು ಬಂದರೆ ಎಲ್ಲರನ್ನೂ ನನ್ನ ಹತ್ತಿರವೇ ಕಳಿಸುತ್ತಾರೆ. ಕೆಲವು ದಿನ 14 ಮಂದಿ. ಮೊನ್ನೆ ಒಬ್ಬ ಅಜ್ಜಿ, "ಯವ್ವಾ, ಇಲ್ಲಿ ನನ್ನ ಮಾತು ಯಾರಿಗೂ ತಿಳಿವಲ್ದು" ಅಂತ ಕೈ ಹಿಡಿದವಳು ಅರ್ಧ ಗಂಟೆ ಬಿಡಲಿಲ್ಲ. ನಾನು ಹೋದರೆ ಅವಳಿಗೆ ಯಾರು? ಕೆಲಸದಿಂದ ಪೂರ್ತಿ ಬಳಲಿ ಬತ್ತಿಹೋಗಿದ್ದೇನೆ (ಬರ್ನೌಟ್) ಅಂತ ರಜೆ ಕೇಳಿದ್ದಕ್ಕೆ ಮೇಲಿನವರು "ಬರ್ನೌಟ್ ಕಾಯಿಲೆ ಅಲ್ಲ" ಅಂದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಅನ್ನಲಿಲ್ಲ, ನಿಜ. ಆದರೆ ಕೆಲಸದ ಒತ್ತಡ ಸರಿಯಾಗಿ ನಿಭಾಯಿಸದೆ ಬರುವ ಸ್ಥಿತಿ ಅಂತ ಬರೆದಿದೆ. ಆ ಅರ್ಧವನ್ನು ಅವರು ಹೇಳಲೇ ಇಲ್ಲ.

ಡೊಂಬಿವಲಿ ಅಕ್ಕ: ನಾನೇನು ಓಡಿ ಹೋದವಳಲ್ಲ. ಬಾಗಿಲು ಹಾಕಿ ಕೂತು ಮಾತಾಡುವ ಕೆಲಸ ನಿಮ್ಮದು. ಮೈಮೇಲೆ ಬಿದ್ದವರನ್ನು ಹಿಡಿದಿದ್ದೀರಾ?

ವಾಸ್ಕೋ ಕೌನ್ಸೆಲರ್: ಹಿಡಿದಿಲ್ಲ. ಕೇಳಿದ್ದೇನೆ, ದಿನವಿಡೀ. ರಾತ್ರಿ ಮಗಳು ಏನಾದರೂ ಹೇಳಲು ಬಂದರೆ "ಆಮೇಲೆ" ಅನ್ನುತ್ತೇನೆ. ಅದಕ್ಕೆ ಪ್ಲೇಟ್ ಹಾಕಿಸಲಾಗುವುದಿಲ್ಲ. ಮೇಲೆ, ನನ್ನದು ಗುತ್ತಿಗೆ ಕೆಲಸ, 11 ತಿಂಗಳಿಗೊಮ್ಮೆ ಬ್ರೇಕ್ ಕೊಟ್ಟು ಮತ್ತೆ ಸೇರಿಸಿಕೊಳ್ಳುತ್ತಾರೆ. ನಿಮಗೆ ಗ್ರಾಚ್ಯುಟಿ ಸಿಕ್ಕಿತಲ್ವಾ?

ಥಾಣೆ ಸೋಶಿಯಲ್ ವರ್ಕರ್: ಇಬ್ಬರೂ ಜಗಳ ಬಿಡಿ. ಅಕ್ಕಾ, ಗ್ರಾಚ್ಯುಟಿ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. ಬಡ್ಡಿ ಕೊಟ್ಟರಾ?

ಡೊಂಬಿವಲಿ ಅಕ್ಕ: ಒಂದು ಪೈಸೆಯೂ ಇಲ್ಲ. ಯಾರ ಹತ್ತಿರ ಕೇಳಬೇಕು?

ಥಾಣೆ ಸೋಶಿಯಲ್ ವರ್ಕರ್: ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ರಾಜೀನಾಮೆ ಒಪ್ಪಿದ ಪತ್ರ, ಹಣ ಜಮೆ ಆದ ದಿನದ ಪಾಸ್‌ಬುಕ್ ಪುಟ ಎರಡೂ ಇಟ್ಟುಕೊಂಡಿರಿ.