ಟೋಪಿ ಹಾಕಿದ ಹಸಿರು ಮನುಷ್ಯ ಮತ್ತು ಮೂಡಿಗೆರೆಯ ಅತ್ತೆ

ಜರ್ಮನಿಗೆ ಹೊಸದಾಗಿ ಹೋದವರೆಲ್ಲ ಚಳಿ, ಬ್ರೆಡ್ಡು, ವೀಸಾ ಬಗ್ಗೆ ಬರೆದಿದ್ದಾರೆ. ಅದನ್ನು ಬಿಡೋಣ. ಲೈಪ್‌ಜಿಗ್‌ನಲ್ಲಿ ನಾವು ಬಾಯಿಬಿಟ್ಟು ನೋಡಿದ್ದನ್ನೆಲ್ಲ ಈ ಮಳೆಗಾಲದ ರಜೆಯಲ್ಲಿ ಮೂಡಿಗೆರೆ ಹತ್ತಿರದ ಅತ್ತೆ ಮನೆಯಲ್ಲಿ ವರದಿ ಮಾಡಿದೆವು. ಅವರಿಗೆ ಅರ್ಧಕ್ಕರ್ಧ ವಿಚಿತ್ರ ಅನ್ನಿಸಲೇ ಇಲ್ಲ!

ಬಾಟಲಿ ವಿಷಯ ನೋಡಿ. ಅಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡರೆ 25 ಸೆಂಟ್ ಜಾಸ್ತಿ ಹಿಡಿಯುತ್ತಾರೆ. ಖಾಲಿಯಾದ ಮೇಲೆ ಅಂಗಡಿಯ ಯಂತ್ರಕ್ಕೆ ತಿನ್ನಿಸಬೇಕು. ಚೀಟಿ ಬರುತ್ತದೆ, ಅದನ್ನು ಕೊಟ್ಟರೆ ದುಡ್ಡು ವಾಪಸ್. ಕೋಟು ಟೈ ಹಾಕಿದವರೂ ಚೀಲ ತುಂಬ ಖಾಲಿ ಬಾಟಲಿ ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಅತ್ತೆ ಕೇಳಿ, "ನಮ್ಮ ಗುಜರಿಯವನು ಮನೆ ಬಾಗಿಲಿಗೇ ಬರ್ತಾನಲ್ಲ, ಅಲ್ಲಿ ನೀವೇ ಹೊರ್ಬೇಕಾ?" ಎಂದರು. ಕಸದ ಡಬ್ಬಿಗಳ ಕಥೆಗೂ ಹಾಗೆಯೇ ಆಯಿತು. ಕಾಗದಕ್ಕೆ ನೀಲಿ, ಪ್ಯಾಕಿಂಗ್ ಕಸಕ್ಕೆ ಹಳದಿ, ಸಿಪ್ಪೆಗೆ ಕಂದು ಎಂದು ಮಗಳು ಒಪ್ಪಿಸಿದಳು. ಸಿಪ್ಪೆ ಗೊಬ್ಬರದ ಗುಂಡಿಗೆ, ಕಾಗದ ಹಂಡೆ ಒಲೆಗೆ, ಅಷ್ಟೇ ತಾನೇ ಎಂದು ಅತ್ತೆ ರೊಟ್ಟಿ ತಟ್ಟುವುದನ್ನು ಮುಂದುವರಿಸಿದರು.

ಅವರು ನಿಜವಾಗಿ ಬೆಚ್ಚಿದ್ದು ಅಡುಗೆಮನೆ ವಿಷಯಕ್ಕೆ. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ. ಹಿಂದಿನವರು ಒಲೆ, ಸಿಂಕು, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. "ಕಿಟಕಿ ಬಿಟ್ಟಿದ್ರಾ?" ಎಂದರು ಮಾವ.

ಮಾವ ಕಾಫಿ ಬೆಳೆಗಾರರು. ಅಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಬೇರೆಯದೇ ತೆರಿಗೆ ಇದೆ ಎಂದಾಗ ಅವರ ಮುಖ ನೋಡಬೇಕಿತ್ತು. "ಒಂದು ಗಿಡ ಬೆಳೆಯಲ್ಲ, ತೆರಿಗೆ ಮಾತ್ರ ಕೀಳ್ತಾರೆ!" ಇದು ಹಳೇ ಚಾಳಿ. 1781ರಲ್ಲಿ ಪ್ರಷ್ಯ ಎಂಬ ಹಳೇ ಜರ್ಮನ್ ರಾಜ್ಯದ ರಾಜ ಎರಡನೇ ಫ್ರೆಡರಿಕ್ ಕಾಫಿ ಹುರಿಯುವ ಹಕ್ಕನ್ನು ತನ್ನ ಕೈಗೆ ತೆಗೆದುಕೊಂಡ. ಯಾರ ಮನೆಯಲ್ಲಿ ಕದ್ದು ಹುರಿಯುತ್ತಿದ್ದಾರೆ ಎಂದು ಮೂಸಿ ನೋಡಲು ಹಳೇ ಸೈನಿಕರನ್ನು ಬೀದಿಗೆ ಬಿಟ್ಟ. ಅವರನ್ನು ನಮ್ಮ ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೆ ಬಿಟ್ಟಿದ್ದರೆ ಮೂಗೇ ಕೆಟ್ಟುಹೋಗುತ್ತಿತ್ತು ಎಂದು ಮಾವ ಆ ದಿನವೆಲ್ಲ ನಗುತ್ತಿದ್ದರು. ಕಾಗದದ ಫಿಲ್ಟರ್ ಕಥೆಯೂ ಅವರಿಗೆ ಹಿಡಿಸಿತು. 1908ರಲ್ಲಿ ಡ್ರೆಸ್‌ಡೆನ್‌ನ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ಮಗನ ನೋಟ್‌ಬುಕ್ಕಿನ ಒತ್ತುಕಾಗದ ಹರಿದು ಕಾಫಿ ಸೋಸಿದ್ದೇ ಅದರ ಶುರು. ಅದರಲ್ಲಿ ಮಾಡಿದ ಕಾಫಿಯನ್ನು ಕುಡಿದು ಮಾತ್ರ "ಬಣ್ಣ ಚೆನ್ನಾಗಿದೆ" ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟರು.

ಮಕ್ಕಳ ವಿಷಯಕ್ಕೆ ಬರುತ್ತೇನೆ, ಹೇಳಬೇಕಾದದ್ದು ಅದೇ. ದೊಡ್ಡವರಾದ ನಮಗೆ ವಿಚಿತ್ರ ಅನ್ನಿಸಿದ್ದೆಲ್ಲ ಅವರಿಗೆ ಬೇಗ ಕಾನೂನಾಗಿಬಿಡುತ್ತದೆ. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಭಾನುವಾರದ ಬಿಡುವಿನ ಮಾತು 1919ರ ಸಂವಿಧಾನದಲ್ಲಿತ್ತು, ಈಗಿನದೂ ಅದನ್ನು ಉಳಿಸಿಕೊಂಡಿದೆ. ಮಗಳು ಭಾನುವಾರ ಬೆಳಿಗ್ಗೆ ಅಜ್ಜಿಯ ಮಿಕ್ಸಿ ನಿಲ್ಲಿಸಲು ಹೋದಳು. "ಕಡುಬಿಗೆ ಚಟ್ನಿ ಬೇಡ್ವಾ ಪುಟ್ಟಿ?" ಎಂದ ಕೂಡಲೇ ಸಂವಿಧಾನ ಪಕ್ಕಕ್ಕೆ ಹೋಯಿತು.

ಅಲ್ಲಿ ಆರು ಏಳು ವರ್ಷದ ಮಕ್ಕಳು ಗುಂಪು ಕಟ್ಟಿಕೊಂಡು ತಾವೇ ನಡೆದು ಶಾಲೆಗೆ ಹೋಗುತ್ತಾರೆ. ಗೇಟಿನವರೆಗೆ ಕಾರು ತರಬೇಡಿ ಎಂದು ಎಷ್ಟೋ ಶಾಲೆಗಳೇ ಕೇಳಿಕೊಳ್ಳುತ್ತವೆ. ನಾನು ಶುರುವಿನಲ್ಲಿ ದೂರದಿಂದ ಹಿಂಬಾಲಿಸುತ್ತಿದ್ದೆ. ನನ್ನ ಹೆಂಡತಿ ಜಿಗಣೆ ಕಿತ್ತುಕೊಳ್ಳುತ್ತಾ ತೋಟದ ದಾರಿಯಲ್ಲಿ ಶಾಲೆಗೆ ನಡೆದವಳು. ಅವಳಿಗೂ ಭಯವೇ! ಅತ್ತೆಗೆ ನಮ್ಮ ಭಯವೇ ದೊಡ್ಡ ವಿಚಿತ್ರ.

ಆ ಧೈರ್ಯವೆಲ್ಲ ಸಿಗ್ನಲ್ ಮೇಲೆ ನಿಂತಿದೆ. ಹಳೇ ಪೂರ್ವ ಜರ್ಮನಿಯ ಊರುಗಳಲ್ಲಿ ಸಿಗ್ನಲ್ ದೀಪದೊಳಗಿನ ಟೋಪಿ ಹಾಕಿದ ಹಸಿರು ಮನುಷ್ಯ ದಾರಿ ಬಿಡುತ್ತಾನೆ. 1961ರಲ್ಲಿ ಕಾರ್ಲ್ ಪೆಗ್ಲೌ ಎಂಬವರು ರೂಪಿಸಿದ ಬೊಂಬೆ ಅದು. ಕೆಂಪಿದ್ದಾಗ ದಾಟಿದರೆ 5 ಯೂರೋ ದಂಡ. ಅದಕ್ಕಿಂತ ಜಾಸ್ತಿ, ಪಕ್ಕದಲ್ಲಿ ಮಗುವಿದ್ದರೆ ಅಜ್ಜಂದಿರು ಬೈಯುತ್ತಾರೆ. ರಸ್ತೆ ಖಾಲಿ ಇದ್ದರೂ ಜನ ಸುಮ್ನೆ ನಿಂತಿರುತ್ತಾರೆ.

ಅದೇ ಮಗಳನ್ನು ಚಿಕ್ಕಮಗಳೂರಿನ ಹನುಮಂತಪ್ಪ ವೃತ್ತಕ್ಕೆ ಕರೆದುಕೊಂಡು ಹೋದೆವು. ಬಸ್ಸು, ಜೀಪು, ಆಟೋ, ಮಳೆ. ಅವಳು ಫುಟ್‌ಪಾತಿನಲ್ಲಿ ನಿಂತಳು, ಕದಲಲಿಲ್ಲ. ಅತ್ತೆ ಅವಳ ಕೈ ಹಿಡಿದು, ಇನ್ನೊಂದು ಕೈ ಗಾಡಿಗಳ ಕಡೆಗೆ ಚಾಚಿ, ಯಾರ ಮುಖವನ್ನೂ ನೋಡದೆ ದಾಟಿಸಿಬಿಟ್ಟರು. ಮಗಳಿಗೆ ಈಗ ಆ ಚಾಚಿದ ಕೈ ಮೇಲೆ ಭಾರೀ ನಂಬಿಕೆ. ಲೈಪ್‌ಜಿಗ್‌ನಲ್ಲೂ ಮಾಡಿ ನೋಡ್ತೀನಿ ಅಂತಿದ್ದಾಳೆ.

ಎರಡೂ ಕಡೆಯ ರಸ್ತೆ ದಾಟುವುದನ್ನು ನೀವು ಮಕ್ಕಳಿಗೆ ಹೇಗೆ ಕಲಿಸಿದಿರಿ? ಶಾಲೆ ಶುರುವಾಗುವ ಮೊದಲೇ ಯಾರಾದರೂ ಹೇಳಿ.