ಸಹಾಯ ಬೇಕು: ಶ್ರಿಂಪ್ ಬಾಯ್ಲ್‌ನಲ್ಲಿ ಖಾರ ಒಳಗೆ ಇಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಹ್ಯೂಸ್ಟನ್‌ನಲ್ಲಿ. ಮುಂದಿನ ಶನಿವಾರ ಮನೆಗೆ ಹತ್ತು-ಹನ್ನೆರಡು ಜನ ಬರುತ್ತಿದ್ದಾರೆ. ಲೂಸಿಯಾನಾದವರ ಹಾಗೆ ಸಿಗಡಿ ಬೇಯಿಸಿ, ಮೇಜಿಗೆ ಪೇಪರ್ ಹಾಸಿ ಸುರಿದು, ಎಲ್ಲರೂ ಕೈಯಲ್ಲೇ ಸುಲಿದು ತಿನ್ನೋಣ ಅಂತ ಪ್ಲಾನ್.

ಕ್ರಮ ಗೊತ್ತಿದೆ. ನೀರಿಗೆ ಉಪ್ಪು, ಬಾಯ್ಲ್ ಮಸಾಲೆ, ನಿಂಬೆ, ಬೆಳ್ಳುಳ್ಳಿ. ಮೊದಲು ಆಲೂಗಡ್ಡೆ, ಆಮೇಲೆ ಸಾಸೇಜ್, ಜೋಳದ ತೆನೆ, ಕೊನೆಗೆ ಸಿಗಡಿ. ತಲೆನೋವು ಇರುವುದೇ ಈ ಕೊನೆಯಲ್ಲಿ. ಸಿಗಡಿ ಎರಡು-ಮೂರು ನಿಮಿಷಕ್ಕೆಲ್ಲ ಬೆಂದುಬಿಡುತ್ತದೆ. ಅಷ್ಟರಲ್ಲಿ ಖಾರ ಸಿಪ್ಪೆ ದಾಟುವುದಿಲ್ಲ. ಜಾಸ್ತಿ ಬಿಟ್ಟರೆ ರಬ್ಬರ್! ಇಲ್ಲಿನವರು ಉರಿ ಆರಿಸಿ, ಐಸ್ ಸುರಿದು, ಅದೇ ನೀರಲ್ಲಿ ನೆನೆಯಲು ಬಿಡುತ್ತಾರೆ. ಅವರ ದೊಡ್ಡ ಹಂಡೆಗೆ ಅದು ಸರಿ. ನನ್ನದು ಸ್ಟವ್ ಮೇಲಿನ 12 ಲೀಟರ್ ಪಾತ್ರೆ, ಅಷ್ಟು ಐಸ್ ಹಾಕಿದರೆ ಮಸಾಲೆ ನೀರು ಸಪ್ಪೆಯಾಗುವುದಿಲ್ವಾ? ಮಸಾಲೆ ನೀರನ್ನೇ ಸ್ವಲ್ಪ ಮೊದಲೇ ಐಸ್ ಮಾಡಿಟ್ಟುಕೊಂಡರೆ ಹೇಗೆ? ಯಾರಾದರೂ ಮಾಡಿ ನೋಡಿದ್ದೀರಾ?

ತರುವುದು ಪೌಂಡಿಗೆ 21ರಿಂದ 25 ಬರುವ ಸೈಜು, ಸಿಪ್ಪೆ ಸಮೇತ. ಸುಲಿದದ್ದು ತನ್ನಿ ಅಂತ ದಯವಿಟ್ಟು ಹೇಳಬೇಡಿ, ಸುಲಿಯುತ್ತಾ ಹರಟುವುದೇ ಮಜಾ ಅಲ್ವಾ! ಕತ್ತರಿಯಿಂದ ಬೆನ್ನು ಸೀಳಿ ಕರಿ ನಾರು ತೆಗೆದರೆ ಖಾರ ಚೆನ್ನಾಗಿ ಹಿಡಿಯುತ್ತದಾ, ಇಲ್ಲ ಮಾಂಸ ಗಟ್ಟಿಯಾಗುತ್ತದಾ?

ಸಸ್ಯಾಹಾರಿಗಳಿಗೆ ಜೋಳ, ಆಲೂಗಡ್ಡೆ ಬೇರೆ ಪಾತ್ರೆಯಲ್ಲೇ ಬೇಯಿಸುತ್ತೇನೆ, ಅದರ ಚಿಂತೆ ಇಲ್ಲ. ಉಳಿದವರಿಗೆ ತಲೆಗೆ ಅರ್ಧ ಪೌಂಡ್ ಸಿಗಡಿ ಸಾಕಾ? ಬರುವವರಲ್ಲಿ ಅರ್ಧ ಜನ ಮಂಗಳೂರು, ಕುಂದಾಪುರದ ಕಡೆಯವರು, ಅದನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.