ಅಪ್ಪ ಬೇಜಾರು ಅನ್ನೋದಿಲ್ಲ, ಬೆನ್ನುನೋವು ಅಂತಾರೆ

ಪ್ರಶ್ನೆ: ಅಪ್ಪನಿಗೆ 74. ಬೇಜಾರಾ ಅಂದ್ರೆ "ಏನಿಲ್ಲ ಬಿಡು" ಅಂತಾರೆ. ಆದ್ರೆ ಬೆಳಗಿನ ಜಾವ 3ಕ್ಕೇ ಎದ್ದು ಕೂರ್ತಾರೆ, ಊಟ ಅರ್ಧಕ್ಕೇ ಬಿಡ್ತಾರೆ, ದಿನಾ ತುಂಬುತ್ತಿದ್ದ ಪದಬಂಧ ಮುಟ್ಟಿ ತಿಂಗಳಾಯ್ತು. ಎಕ್ಸ್‌ರೇಲಿ ಏನೂ ಇಲ್ಲ. ಖಿನ್ನತೆಯೋ, ಮರೆವಿನ ಕಾಯಿಲೆಯೋ, ಬರೀ ವಯಸ್ಸೋ?

ಉತ್ತರ 1: ನಮ್ಮಮ್ಮನದೂ ಇದೇ ಕಥೆ. ವಯಸ್ಸಾದವರಲ್ಲಿ ಎಷ್ಟೋ ಸಲ ದುಃಖ ಬಾಯಿಗೆ ಬರಲ್ಲ. ನೋವು, ಸುಸ್ತು, ನಿದ್ದೆಗೇಡು, ಸಿಡುಕಾಗಿ ಹೊರಬರುತ್ತೆ. ನನಗೆ ಬೆನ್ನಿಗಿಂತ ಆ ಪದಬಂಧದ್ದೇ ಚಿಂತೆ.

ಉತ್ತರ 2: ಎರಡು ವಾರ ದಾಟಿದೆ, ಡಾಕ್ಟರಿಗೆ ತೋರಿಸಿ. ರಕ್ತದಲ್ಲಿ ಥೈರಾಯ್ಡ್, ವಿಟಮಿನ್ ಬಿ12 ನೋಡಿಸಿ. ನುಂಗೋ ಮಾತ್ರೆಗಳನ್ನೆಲ್ಲ ಒಯ್ಯಿರಿ, ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತೆ. ಖಿನ್ನತೆ ಇದೆಯಾ ಅಂತ ನೋಡೋಕೆ ಡಾಕ್ಟರು ಹೌದು-ಇಲ್ಲ ಅನ್ನೋ 15 ಪ್ರಶ್ನೆ ಕೇಳಬಹುದು. "ಇದ್ದೇನು ಮಾಡಲಿ" ಅಂದ್ರೆ ಮಾತ್ರ ಅದೇ ದಿನ ಕರ್ಕೊಂಡು ಹೋಗಿ.

ಪ್ರಶ್ನೆ ಕೇಳಿದವರು: ನಿನ್ನೆ ಅದನ್ನೇ ಅಂದ್ರು. ತಮಾಷೆ ಅಂದ್ಕೊಂಡಿದ್ದೆ. ಈಗಲೇ ಹೊರಟೆ.